ಕಮ್ಮಾರನ ಮಗ ಮೈಕೇಲ್ ಫ್ಯಾರಡೆ ಮತ್ತು ಕಂದಾದ ನೀರು

ಕಳೆದ ವರ್ಷ ನಮ್ಮ ಎಸ್.ಎಸ್. ಬಡಾವಣೆಯ ಒಂದು ಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವ ಯುವಕನೊಬ್ಬ ಬಂದ. ಎರಡು ಗಾಜಿನ ಲೋಟ ತರಿಸಿಕೊಂಡ. ಒಂದರಲ್ಲಿ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ತಾನು ಬಾಟಲಿಯಲ್ಲಿ ತಂದಿದ್ದ ಶುದ್ಧ ನೀರು. ಲೋಹದ ಕಡ್ಡಿಗಳಿದ್ದ ಸಣ್ಣ ಉಪಕರಣವೊಂದನ್ನು ಎರಡೂ ಲೋಟಗಳಲ್ಲಿ ಅದ್ದಿ ಕರೆಂಟ್ ಕೊಟ್ಟ. ಕೆಲವೇ ನಿಮಿಷಗಳಲ್ಲಿ ನಲ್ಲಿ ನೀರು ಹಳದಿಯಾಯಿತು, ಆಮೇಲೆ ಹಸಿರು, ಕೊನೆಗೆ ಕಂದು. ಮೇಲೆ ಕೆನೆಯಂತೆ ಕೊಳೆ ತೇಲಿತು. ಅವನ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ನಿಮ್ಮ ಮಕ್ಕಳು ದಿನಾ ಕುಡಿಯುತ್ತಿರುವುದು ಇದನ್ನೇ ಎಂದು ಹೇಳಿದ. ಆ ಮನೆಯ ತಾಯಿ ಗಾಬರಿಯಾದರು. ಮಗನ ಮುಂದಿನ ವರ್ಷದ ಓದಿಗೆಂದು ಕೂಡಿಟ್ಟ ಹಣದಲ್ಲಿ ಮುಂಗಡ ಕೊಡಲು ಒಪ್ಪಿ, ಎರಡು ದಿನ ಬಿಟ್ಟು ಬರಲು ಹೇಳಿದರು.

ಆ ಮಗ ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಮರುದಿನ ಶಾಲೆಗೆ ಬಂದವನ ಮುಖ ಸಪ್ಪಗಿತ್ತು. ಅದೇ ವಾರ ಅವನೂ ಅವನ ಇಬ್ಬರು ಗೆಳೆಯರೂ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನೀರಿನ ವಿದ್ಯುದ್ವಿಭಜನೆಯ ಮಾದರಿಯನ್ನು ತಯಾರಿಸುತ್ತಿದ್ದರು. ಒಂದು ಗಾಜಿನ ಜಾಡಿ, ಎರಡು ಕಬ್ಬಿಣದ ಮೊಳೆ, 9 ವೋಲ್ಟ್ ಬ್ಯಾಟರಿ, ಒಂದು ಚಿಟಿಕೆ ಅಡುಗೆ ಉಪ್ಪು. ಗುಳ್ಳೆಗಳೇನೋ ಬರುತ್ತಿದ್ದವು. ಆದರೆ ಪ್ರತಿ ಸಲವೂ ನೀರು ಕಂದಾಗುತ್ತಿತ್ತು. ಮೂರು ಬಾರಿ ನೀರು ಚೆಲ್ಲಿ ಹೊಸದಾಗಿ ತುಂಬಿದ್ದರು. ನಮ್ಮ ಬಡಾವಣೆಯ ನೀರೇ ಕೊಳಕು, ಪ್ರಯೋಗ ನಮ್ಮಿಂದ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು.

ಮನೆಯ ಲೋಟದಲ್ಲಿ ಕಂಡದ್ದಕ್ಕೂ ಶಾಲೆಯ ಜಾಡಿಯಲ್ಲಿ ಕಂಡದ್ದಕ್ಕೂ ಉತ್ತರ ಒಂದೇ. ಆ ಉತ್ತರದ ಲೆಕ್ಕವನ್ನು ಸುಮಾರು 190 ವರ್ಷಗಳ ಹಿಂದೆಯೇ ಜಗತ್ತಿಗೆ ಕೊಟ್ಟವರು ಮೈಕೇಲ್ ಫ್ಯಾರಡೆ. ಅಂದು ಆ ಮೂವರು ಹುಡುಗರಿಗೆ ನಾನು ಹೇಳಿದ ಅವರ ಜೀವನ ಕಥೆಯನ್ನೇ ಇಲ್ಲಿ ನಮ್ಮ ಎಲ್ಲ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

ಬಡತನದ ಬಾಲ್ಯ

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಫ್ಯಾರಡೆ ಕಮ್ಮಾರ. ಉತ್ತರ ಇಂಗ್ಲೆಂಡಿನ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಬಂದವರು. ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕೇಲ್ ಮೂರನೆಯವನು. ತಂದೆಗೆ ಆರೋಗ್ಯ ಸರಿಯಿರಲಿಲ್ಲ. ಕುಲುಮೆಯ ಮುಂದೆ ನಿಲ್ಲಲಾಗದ ದಿನಗಳಲ್ಲಿ ಮನೆಯಲ್ಲಿ ಒಲೆ ಉರಿಯುವುದೂ ಕಷ್ಟವಾಗುತ್ತಿತ್ತು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಆ ಬಾಲಕನಿಗೆ ಇಡೀ ವಾರಕ್ಕೆಂದು ಒಂದು ರೊಟ್ಟಿ ಕೊಡಲಾಗುತ್ತಿತ್ತೆಂದು ಅವರ ಜೀವನ ಚರಿತ್ರೆಕಾರರು ಬರೆದಿದ್ದಾರೆ.

ಶಾಲೆಯಲ್ಲಿ ಕಲಿತದ್ದು ಓದು, ಬರಹ ಮತ್ತು ಸ್ವಲ್ಪ ಲೆಕ್ಕ, ಅಷ್ಟೇ. 1804ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಮೈಕೇಲ್ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಮನೆಮನೆಗೆ ಪತ್ರಿಕೆ ಮುಟ್ಟಿಸುವುದು, ಓದಿದ ಮೇಲೆ ಮರಳಿ ತರುವುದು ಅವನ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ಏಳು ವರ್ಷಗಳ ಕರಾರಿನ ಮೇಲೆ ಪುಸ್ತಕ ಬೈಂಡಿಂಗ್ ಕಲಿಯಲು ನಿಂತ. ಅವನ ಒಳ್ಳೆಯ ನಡತೆ ನೋಡಿ ರೀಬೋ ಕಲಿಸುವ ಶುಲ್ಕವನ್ನು ಬಿಟ್ಟುಕೊಟ್ಟರು.

ನಮ್ಮ ದಾವಣಗೆರೆಯಲ್ಲೂ ಹದಿಮೂರು ಹದಿನಾಲ್ಕರ ವಯಸ್ಸಿಗೆ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬೈಂಡಿಂಗ್ ಅಂಗಡಿ ಎಂದು ಹೊರಟುಹೋದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅಂಥವರ ಓದು ಅಲ್ಲಿಗೇ ಮುಗಿಯಿತೆಂದು ನಾವು ಭಾವಿಸುತ್ತೇವೆ. ಫ್ಯಾರಡೆಯ ಓದು ಆರಂಭವಾದದ್ದೇ ಬೈಂಡಿಂಗ್ ಅಂಗಡಿಯಲ್ಲಿ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹೊಲಿಯುತ್ತಲೇ ಅವನು ಓದಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಕುರಿತ ಲೇಖನ ಕೈಗೆ ಸಿಕ್ಕಿತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಓದಿದ್ದನ್ನು ನಂಬುವ ಮೊದಲು ತನ್ನ ಕೈಯಾರೆ ಮಾಡಿ ನೋಡಬೇಕು ಎಂಬ ಹಟ ಅವನಲ್ಲಿ ಆಗಲೇ ಬೇರೂರಿತ್ತು. ತನ್ನ ಅಲ್ಪ ಹಣದಲ್ಲಿ ಕೊಳ್ಳಬಹುದಾದ ಸಾಮಾನುಗಳಿಂದಲೇ ಅವನು ಪ್ರಯೋಗಗಳನ್ನು ಮಾಡಿದ.

1810ರಲ್ಲಿ ತಂದೆ ತೀರಿಕೊಂಡರು. ಆ ದಿನಗಳಲ್ಲಿ ಟೇಟಂ ಎಂಬುವರು ತಮ್ಮ ಮನೆಯಲ್ಲಿ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ನೀಡುತ್ತಿದ್ದರು. ಪ್ರವೇಶಕ್ಕೆ ಒಂದು ಷಿಲಿಂಗ್. ಆ ಷಿಲಿಂಗನ್ನು ಕೊಟ್ಟವರು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್. ಮನೆಯಲ್ಲಿ ಒಬ್ಬ ದುಡಿದು ಇನ್ನೊಬ್ಬನನ್ನು ಓದಿಸುವುದು ನಮಗೇನೂ ಹೊಸದಲ್ಲ. ಆದರೆ ಚರಿತ್ರೆ ಬರೆಯುವಾಗ ಅಂಥ ಅಣ್ಣಂದಿರ ಹೆಸರನ್ನು ಮರೆಯಬಾರದು.

ಮೊದಲ ಪ್ರಯೋಗದಲ್ಲೇ ಕದಡಿದ ನೀರು

1812ರ ಜುಲೈ ತಿಂಗಳು. ಫ್ಯಾರಡೆಗೆ ಆಗ ಇಪ್ಪತ್ತು ವರ್ಷ. ಸತುವಿನ ತಗಡನ್ನು ಬಿಲ್ಲೆಗಳಾಗಿ ಕತ್ತರಿಸಿ, ಅದೇ ಅಳತೆಯ ತಾಮ್ರದ ಬಿಲ್ಲೆಗಳೊಂದಿಗೆ ಜೋಡಿ ಮಾಡಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದವಿಟ್ಟು ಒಂದು ಬ್ಯಾಟರಿ ಕಟ್ಟಿದರು. ಏಳೇ ಏಳು ಜೋಡಿ. ಇಟಲಿಯ ವೋಲ್ಟಾ 1800ರಲ್ಲಿ ಪ್ರಕಟಿಸಿದ್ದ ವಿಧಾನ ಅದು. ಆ ಬ್ಯಾಟರಿಯ ತಂತಿಗಳನ್ನು ಅವರು ಎಪ್ಸಂ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿದ ನೀರಿನಲ್ಲಿ ಅದ್ದಿದರು. ತಂತಿಗಳಿಂದ ಸಣ್ಣ ಗುಳ್ಳೆಗಳು ಎದ್ದವು. ಸುಮಾರು ಎರಡು ಗಂಟೆಗಳಲ್ಲಿ ತಿಳಿಯಾಗಿದ್ದ ನೀರು ಕದಡಿಹೋಯಿತು.

ನಮ್ಮ ಮೂವರು ಹುಡುಗರು ಇದೇ ಹಂತದಲ್ಲಿ ಜಾಡಿಯನ್ನು ಚೆಲ್ಲಿದ್ದರು. ಫ್ಯಾರಡೆ ಚೆಲ್ಲಲಿಲ್ಲ. ನೀರು ಕದಡಿದ್ದು ಪ್ರಯೋಗ ಕೆಟ್ಟಿತೆಂಬುದರ ಗುರುತಲ್ಲ, ಉಪ್ಪು ವಿಭಜನೆಗೊಂಡಿತು ಎಂಬುದಕ್ಕೆ ಅದೇ ಪುರಾವೆ ಎಂದು ಅವರು ಕಂಡುಕೊಂಡರು. ನೀರಿನಲ್ಲಿ ತೇಲುತ್ತಿದ್ದ ಬಿಳಿ ಪದಾರ್ಥ ಮೆಗ್ನೀಸಿಯಾ ಎಂದು ಗುರುತಿಸಿ ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ ಪತ್ರ ಬರೆದು ತಿಳಿಸಿದರು. ನೀರಿನ ಬಣ್ಣ ಬದಲಾದಾಗ ಅದಕ್ಕೆ ಹೆದರದೆ, ಈ ಹೊಸ ಪದಾರ್ಥ ಎಲ್ಲಿಂದ ಬಂತು ಎಂದು ಕೇಳಿದ್ದರಲ್ಲಿ ಒಬ್ಬ ವಿಜ್ಞಾನಿಯ ಜೀವನ ಶುರುವಾಯಿತು.

ರಾಯಲ್ ಇನ್‌ಸ್ಟಿಟ್ಯೂಷನ್ನಿನ ಬಾಗಿಲು

ಅದೇ ವರ್ಷ ರೀಬೋ ಅಂಗಡಿಗೆ ಬರುತ್ತಿದ್ದ ಡ್ಯಾನ್ಸ್ ಎಂಬ ಗಿರಾಕಿಯೊಬ್ಬರು ಫ್ಯಾರಡೆಗೆ ಹಂಫ್ರಿ ಡೇವಿಯವರ ಉಪನ್ಯಾಸಗಳ ಟಿಕೆಟು ಕೊಟ್ಟರು. ಡೇವಿ ಆ ಕಾಲದ ಅತ್ಯಂತ ಪ್ರಸಿದ್ಧ ರಸಾಯನಶಾಸ್ತ್ರಜ್ಞರು. 1807ರಲ್ಲಿ ವಿದ್ಯುತ್ತಿನ ಸಹಾಯದಿಂದಲೇ ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಮೊದಲ ಬಾರಿಗೆ ಬೇರ್ಪಡಿಸಿದವರು. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿ ಟಿಪ್ಪಣಿ ಮಾಡಿಕೊಂಡರು. ಅವನ್ನು ಅಂದವಾಗಿ ಬರೆದು, ಚಿತ್ರ ಬಿಡಿಸಿ, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿ ಕೆಲಸ ಕೇಳಿದರು. ತಾನು ಕಲಿತ ಕಸುಬೇ ಅಂದು ಅವರ ಅರ್ಜಿಯಾಯಿತು.

1813ರ ಮಾರ್ಚ್ 1ರಂದು ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ಸಹಾಯಕರಾಗಿ ನೇಮಕಗೊಂಡರು. ವಾರಕ್ಕೆ 25 ಷಿಲಿಂಗ್ ಸಂಬಳ, ಕಟ್ಟಡದ ಮೇಲ್ಭಾಗದಲ್ಲಿ ಎರಡು ಕೋಣೆ, ಇದ್ದಿಲು ಮತ್ತು ಮೇಣದಬತ್ತಿ. ಬಾಟಲಿ ತೊಳೆಯುವುದರಿಂದ ಹಿಡಿದು ಉಪನ್ಯಾಸಕ್ಕೆ ಸಾಮಾನು ಜೋಡಿಸುವವರೆಗೆ ಎಲ್ಲ ಕೆಲಸ. ಆ ವರ್ಷದ ಕೊನೆಗೆ ಡೇವಿ ದಂಪತಿಗಳೊಂದಿಗೆ ಯುರೋಪಿನ ಪ್ರವಾಸಕ್ಕೆ ಹೋದಾಗ ಫ್ಯಾರಡೆಯನ್ನು ಸೇವಕನಂತೆ ನಡೆಸಿಕೊಂಡದ್ದೂ ಉಂಟು. ಅವಮಾನ ನುಂಗಿಕೊಂಡರು, ಕಲಿಯುವುದನ್ನು ಬಿಡಲಿಲ್ಲ. ಪ್ಯಾರಿಸಿನಲ್ಲಿ, ಇಟಲಿಯಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ನೋಡಿದರು. ಮುದುಕರಾಗಿದ್ದ ವೋಲ್ಟಾರನ್ನೂ ಕಂಡರು.

ಉಸ್ತಾದರಿಂದ ಕಲಿತ ಪಾಠ

ಡೇವಿಯವರಿಂದ ಫ್ಯಾರಡೆ ಕಲಿತ ಒಂದು ಪಾಠವನ್ನು ಇಲ್ಲಿ ಹೇಳಲೇಬೇಕು. ಅದಕ್ಕೆ ಕೆಲವು ವರ್ಷ ಹಿಂದೆ ಹೋಗಬೇಕು.

1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ನೀರಿನಲ್ಲಿ ವಿದ್ಯುತ್ ಹರಿಸಿ ಅದನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆದರು. ಅವರು ಮೊದಲು ಬಳಸಿದ್ದು ಹಿತ್ತಾಳೆಯ ತಂತಿ. ಒಂದು ತಂತಿಯಲ್ಲಿ ಜಲಜನಕದ ಗುಳ್ಳೆ ಬಂತು. ಇನ್ನೊಂದರಲ್ಲಿ ಗುಳ್ಳೆ ಬರಲಿಲ್ಲ, ತಂತಿಯೇ ಬಣ್ಣಗೆಟ್ಟು ಕಪ್ಪಾಯಿತು. ಅಲ್ಲಿ ಬರಬೇಕಾಗಿದ್ದ ಆಮ್ಲಜನಕ ಹಿತ್ತಾಳೆಯನ್ನೇ ತಿಂದಿತ್ತು. ಪ್ಲಾಟಿನಂ ತಂತಿ ಹಾಕಿದಾಗ ಮಾತ್ರ ಎರಡೂ ಕಡೆ ಅನಿಲ ಬಂತು.

ಆದರೂ ಒಂದು ಒಗಟು ಉಳಿಯಿತು. ಶುದ್ಧ ನೀರಿನಲ್ಲಿ ವಿದ್ಯುತ್ ಹರಿಸಿದರೂ ಒಂದು ತಂತಿಯ ಬಳಿ ಆಮ್ಲ, ಇನ್ನೊಂದರ ಬಳಿ ಕ್ಷಾರ ಕಾಣಿಸಿಕೊಳ್ಳುತ್ತಿತ್ತು. ಕ್ಷಾರಕ್ಕೆ ಇಂಗ್ಲಿಷಿನಲ್ಲಿ ಆಲ್ಕಲಿ ಎನ್ನುತ್ತಾರೆ. ಗಿಡದ ಬೂದಿಗೆ ಅರಬ್ಬಿಯಲ್ಲಿರುವ ಅಲ್ ಕಲೀ ಎಂಬ ಮಾತಿನಿಂದ ಬಂದ ಪದ ಅದು. ವಿದ್ಯುತ್ತೇ ಇವನ್ನು ಹೊಸದಾಗಿ ಸೃಷ್ಟಿಸುತ್ತದೆ ಎಂದು ಕೆಲವರು ನಂಬಿದ್ದರು. ಡೇವಿ ಗಾಜಿನ ಪಾತ್ರೆ ಬಿಟ್ಟು ಅಗೇಟ್ ಕಲ್ಲಿನ ಬಟ್ಟಲು ಬಳಸಿದರು, ಅದನ್ನೂ ಬಿಟ್ಟು ಚಿನ್ನದ ಪಾತ್ರೆ ಬಳಸಿದರು, ನೀರನ್ನು ಬಹಳ ಎಚ್ಚರಿಕೆಯಿಂದ ಭಟ್ಟಿ ಇಳಿಸಿದರು. ಕ್ಷಾರ ಬಂದದ್ದು ಗಾಜಿನಿಂದ ಮತ್ತು ನೀರಿನಲ್ಲೇ ಕರಗಿದ್ದ ಲವಣದಿಂದ, ಆಮ್ಲಕ್ಕೆ ಕಾರಣವಾದದ್ದು ಗಾಳಿ ಎಂದು 1806ರಲ್ಲಿ ತೋರಿಸಿದರು. ನೀರಿನಲ್ಲಿ ಹೊಸದೇನಾದರೂ ಕಂಡರೆ ಮೊದಲು ಪಾತ್ರೆಯನ್ನೂ ತಂತಿಯನ್ನೂ ಬೆರೆಸಿದ ಪದಾರ್ಥವನ್ನೂ ಅನುಮಾನಿಸಬೇಕು ಎಂಬುದೇ ಆ ಪಾಠ.

ವಿದ್ಯುತ್ತಿಗೆ ಲೆಕ್ಕ ಕೊಟ್ಟವರು

ಶಾಗಿರ್ದ್ ಉಸ್ತಾದರನ್ನು ಮೀರಿ ಬೆಳೆದರು. 1821ರಲ್ಲಿ ಫ್ಯಾರಡೆ ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದರು. ಇಂದಿನ ಮೋಟಾರಿನ ಮೂಲ ಅದು. 1823ರಲ್ಲಿ ಕ್ಲೋರಿನ್ ಅನಿಲವನ್ನು ದ್ರವ ಮಾಡಿದರು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಅದಕ್ಕೆ ಸ್ವತಃ ಡೇವಿಯವರೇ ವಿರೋಧ ವ್ಯಕ್ತಪಡಿಸಿದ್ದು ನೋವಿನ ಸಂಗತಿ. 1825ರಲ್ಲಿ ಬೆನ್ಜೀನ್ ಕಂಡುಹಿಡಿದರು. 1831ರ ಆಗಸ್ಟ್ 29ರಂದು, ಬದಲಾಗುವ ಕಾಂತಶಕ್ತಿಯಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಕಂಡರು. ಜನರೇಟರು, ಟ್ರಾನ್ಸ್‌ಫಾರ್ಮರು ಎಲ್ಲ ಹುಟ್ಟಿದ್ದು ಇದರಿಂದ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿನ ಹಿಂದಿರುವುದೂ ಇದೇ ತತ್ವ.

1833 ಮತ್ತು 1834ರಲ್ಲಿ ಅವರು ಮತ್ತೆ ತಮ್ಮ ಮೊದಲ ಪ್ರೀತಿಯಾದ ವಿದ್ಯುದ್ವಿಭಜನೆಗೆ ಮರಳಿದರು. ಈ ವಿದ್ಯೆಗೆ ಸರಿಯಾದ ಶಬ್ದಗಳೇ ಇರಲಿಲ್ಲ. ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ಮೊದಲಾದವರ ಸಲಹೆ ಪಡೆದು ಗ್ರೀಕ್ ಮೂಲದಿಂದ ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್, ಎಲೆಕ್ಟ್ರೋಲೈಟ್, ಅಯಾನ್ ಎಂಬ ಶಬ್ದಗಳನ್ನು ಬಳಕೆಗೆ ತಂದರು. ಬ್ಯಾಟರಿಯ ಧನ ತುದಿಗೆ ಸೇರಿದ ಕಡ್ಡಿ ಆನೋಡ್, ಋಣ ತುದಿಗೆ ಸೇರಿದ್ದು ಕ್ಯಾಥೋಡ್. ಇಂದು ಹತ್ತನೆಯ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ಈ ಶಬ್ದಗಳ ಹಿಂದೆ ಕಾಲೇಜು ಮೆಟ್ಟಿಲೇರದ ಒಬ್ಬ ಬೈಂಡರ್ ಇದ್ದಾರೆ.

ಅವರು ಕಂಡ ನಿಯಮಗಳು ಎರಡು. ಮೊದಲನೆಯದು, ಎಷ್ಟು ವಿದ್ಯುತ್ ಹರಿಯುತ್ತದೋ ಅಷ್ಟಕ್ಕೆ ತಕ್ಕಂತೆ ಪದಾರ್ಥ ಬೇರ್ಪಡುತ್ತದೆ. ವಿದ್ಯುತ್ ಎರಡು ಪಟ್ಟಾದರೆ ಪದಾರ್ಥವೂ ಎರಡು ಪಟ್ಟು. ಎರಡನೆಯದು, ಒಂದೇ ಪ್ರಮಾಣದ ವಿದ್ಯುತ್ತು ಬೇರೆ ಬೇರೆ ಪದಾರ್ಥಗಳನ್ನು ಅವುಗಳ ರಾಸಾಯನಿಕ ಸಮಾನ ತೂಕದ ಪ್ರಮಾಣದಲ್ಲಿ ಬೇರ್ಪಡಿಸುತ್ತದೆ. 1 ಗ್ರಾಂ ಜಲಜನಕ ಬಿಡಿಸುವ ವಿದ್ಯುತ್ತು 8 ಗ್ರಾಂ ಆಮ್ಲಜನಕವನ್ನು, ಸುಮಾರು 108 ಗ್ರಾಂ ಬೆಳ್ಳಿಯನ್ನು ಬಿಡಿಸುತ್ತದೆ. ಆ ವಿದ್ಯುತ್ತಿನ ಪ್ರಮಾಣ ಸುಮಾರು 96,500 ಕೂಲಂಬ್. ಅದನ್ನು ಇಂದು ಫ್ಯಾರಡೆ ಸ್ಥಿರಾಂಕ ಎಂದೇ ಕರೆಯುತ್ತಾರೆ.

ಇದರೊಂದಿಗೆ ಅವರು ಇನ್ನೊಂದು ಮುಖ್ಯ ಭೇದವನ್ನು ಗುರುತಿಸಿದರು. ಕಡ್ಡಿಯ ಬಳಿ ನಮಗೆ ಕಾಣುವುದೆಲ್ಲ ವಿದ್ಯುತ್ತು ನೇರವಾಗಿ ಬಿಡಿಸಿದ ಪದಾರ್ಥವಲ್ಲ. ಬಿಡುಗಡೆಯಾದ ಪದಾರ್ಥ ಕಡ್ಡಿಯ ಲೋಹದೊಂದಿಗೋ ಸುತ್ತಲಿನ ದ್ರವದೊಂದಿಗೋ ಕೂಡಿ ಹೊಸದೊಂದು ಹುಟ್ಟಬಹುದು. ಮೊದಲನೆಯದು ಪ್ರಾಥಮಿಕ ಫಲ, ಎರಡನೆಯದು ದ್ವಿತೀಯಕ ಫಲ. ಇವೆರಡನ್ನು ಬೇರೆ ಮಾಡಿ ನೋಡದವನು ಮೋಸ ಹೋಗುತ್ತಾನೆ. ಅದಕ್ಕಾಗಿಯೇ ಅವರು ವಿದ್ಯುತ್ತನ್ನು ಅಳೆಯುವ ತಮ್ಮ ಉಪಕರಣದಲ್ಲಿ ಸುಲಭವಾಗಿ ಸವೆಯದ ಪ್ಲಾಟಿನಂ ಕಡ್ಡಿಗಳನ್ನೂ ನೀರು ಬೆರೆಸಿದ ಗಂಧಕಾಮ್ಲವನ್ನೂ ಬಳಸಿ, ಹೊರಬಂದ ಅನಿಲದ ಗಾತ್ರವನ್ನು ಅಳೆದರು.

ಈಗ ನಮ್ಮ ಹುಡುಗರ ಮೊಳೆಗೆ ಈ ಲೆಕ್ಕ ಹಾಕೋಣ. ಆನೋಡಿನಲ್ಲಿ ಕಬ್ಬಿಣದ ಮೊಳೆಯಿದ್ದರೆ ಆಮ್ಲಜನಕ ಬರುವ ಬದಲು ಬಹುಪಾಲು ಕಬ್ಬಿಣವೇ ಕರಗುತ್ತದೆ. 0.2 ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಸುಮಾರು 0.2 ಗ್ರಾಂ, ಅಂದರೆ 200 ಮಿಲಿಗ್ರಾಂ ಕಬ್ಬಿಣ ನೀರು ಸೇರುತ್ತದೆ. ಜಾಡಿಯಲ್ಲಿ ಅರ್ಧ ಲೀಟರ್ ನೀರಿದ್ದರೆ ಲೀಟರಿಗೆ 400 ಮಿಲಿಗ್ರಾಂ ಆಯಿತು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೇ ಕಬ್ಬಿಣ ಬಟ್ಟೆಗೆ ಕಲೆ ಹಿಡಿಸುತ್ತದೆ. ಸಾವಿರ ಪಟ್ಟಿಗೂ ಹೆಚ್ಚು ಕಬ್ಬಿಣ ಸೇರಿದ ನೀರು ಮೊದಲು ಹಸಿರಾಗಿ, ಗಾಳಿಯ ಆಮ್ಲಜನಕ ಕೂಡಿ ತುಕ್ಕಿನಂತೆ ಕಂದಾಗದೆ ಇನ್ನೇನಾದೀತು? ಕೊಳೆ ಇದ್ದದ್ದು ನೀರಿನಲ್ಲಲ್ಲ, ಮೊಳೆಯಲ್ಲಿ.

ಥೇಮ್ಸ್ ನದಿಯಲ್ಲಿ ಬಿಳಿ ಕಾಗದ

ಹಾಗೆಂದು ಕಂದು ನೀರೆಲ್ಲ ನಿರಪಾಯಕಾರಿ ಎಂದು ಫ್ಯಾರಡೆ ಹೇಳಿದವರಲ್ಲ. 1855ರ ಜುಲೈ 7ರಂದು ಅವರು ಲಂಡನ್ನಿನಲ್ಲಿ ಉಗಿದೋಣಿ ಹತ್ತಿ ಥೇಮ್ಸ್ ನದಿಯ ಮೇಲೆ ಹೋಗುತ್ತಿದ್ದರು. ನೀರು ಕಂದಾಗಿ ನಾರುತ್ತಿತ್ತು. ಕೈಯಲ್ಲಿದ್ದ ಬಿಳಿ ಕಾರ್ಡುಗಳನ್ನು ಹರಿದು, ಮುಳುಗಲೆಂದು ಒದ್ದೆ ಮಾಡಿ, ದೋಣಿ ನಿಂತ ಪ್ರತಿ ಕಟ್ಟೆಯ ಬಳಿಯೂ ಒಂದೊಂದು ತುಂಡು ನೀರಿಗೆ ಹಾಕಿದರು. ಬಿಸಿಲು ಚೆನ್ನಾಗಿದ್ದರೂ ಒಂದು ಅಂಗುಲ ಮುಳುಗುವ ಮೊದಲೇ ಬಿಳಿ ಕಾಗದ ಕಣ್ಮರೆಯಾಯಿತು. ಇಡೀ ನಗರದ ಕೊಳಚೆ ನದಿಗೆ ಸೇರುತ್ತಿದ್ದುದೇ ಅದಕ್ಕೆ ಕಾರಣ. ಇದನ್ನು ಪತ್ರಿಕೆಗೆ ಬರೆದು ಆಡಳಿತದವರನ್ನು ಎಚ್ಚರಿಸಿದರು. ಮೂರು ವರ್ಷಗಳ ನಂತರ, 1858ರ ಬೇಸಿಗೆಯಲ್ಲಿ, ನದಿಯ ದುರ್ನಾತ ಸಂಸತ್ತಿನೊಳಗೇ ನುಗ್ಗಿದಾಗ ಲಂಡನ್ನಿನ ದೊಡ್ಡ ಒಳಚರಂಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಅವರು ಬಳಸಿದ ಉಪಕರಣ ಒಂದು ಬಿಳಿ ಕಾಗದ. ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಹೋದಾಗ ನಮ್ಮ ವಿದ್ಯಾರ್ಥಿಗಳೂ ದೊಡ್ಡವರ ಜೊತೆಯಲ್ಲಿ ನಿಂತು, ದಾರ ಕಟ್ಟಿದ ಬಿಳಿ ತಟ್ಟೆಯೊಂದನ್ನು ಇಳಿಬಿಟ್ಟು, ಎಷ್ಟು ಆಳದವರೆಗೆ ಕಾಣುತ್ತದೆಂದು ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಅಳೆದು ಬರೆದಿಡಬಹುದು.

ಹಣ, ಪದವಿಗಳ ಹಂಗಿಲ್ಲದ ಬದುಕು

ಫ್ಯಾರಡೆ ಕ್ರೈಸ್ತರಲ್ಲಿ ಸಂಡೆಮೇನಿಯನ್ ಎಂಬ ಸಣ್ಣ ಪಂಥಕ್ಕೆ ಸೇರಿದ ದೈವಭಕ್ತರು. ಸರಳ ಬದುಕು, ಸಂಪತ್ತು ಕೂಡಿಡದಿರುವುದು ಆ ಪಂಥದ ರೀತಿ. ತಮ್ಮ ಸಭೆಯಲ್ಲಿ ಹಿರಿಯರಾಗಿಯೂ ಸೇವೆ ಸಲ್ಲಿಸಿದರು. ಬಡವರ, ರೋಗಿಗಳ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಕಂಪನಿಗಳಿಗೆ ಸಲಹೆ ಕೊಟ್ಟು ಶ್ರೀಮಂತರಾಗುವ ಅವಕಾಶ ಬಿಟ್ಟು ಸಂಶೋಧನೆಯನ್ನೇ ಹಿಡಿದರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದರೂ ಬೇಡವೆಂದರು.

ಮಕ್ಕಳಿಲ್ಲದ ಅವರಿಗೆ ಊರ ಮಕ್ಕಳೆಲ್ಲ ಮಕ್ಕಳೇ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್ಮಸ್ ರಜೆಯಲ್ಲಿ ನಡೆಯುವ ಮಕ್ಕಳ ಉಪನ್ಯಾಸಮಾಲೆಯನ್ನು 19 ಬಾರಿ ನಡೆಸಿಕೊಟ್ಟರು. ಒಂದು ಮೇಣದಬತ್ತಿಯನ್ನಿಟ್ಟುಕೊಂಡು ಇಡೀ ರಸಾಯನಶಾಸ್ತ್ರ ಹೇಳಿದ ಅವರ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಬಂದು ಇಂದಿಗೂ ಓದಿಸಿಕೊಳ್ಳುತ್ತಿವೆ. ಅವರಿಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಅವರ ಕಲ್ಪನೆಗಳಿಗೆ ಗಣಿತದ ರೂಪ ಕೊಟ್ಟವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಲೆಕ್ಕ ಬರುವುದಿಲ್ಲವೆಂದು ವಿಜ್ಞಾನವನ್ನೇ ಬಿಡುವ ಮಕ್ಕಳು ಇದನ್ನು ನೆನಪಿಡಬೇಕು.

ಕೊನೆಯ ವರ್ಷಗಳಲ್ಲಿ ನೆನಪಿನ ಶಕ್ತಿ ಕುಂದಿತು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸಕ್ಕೆ ಮನೆ ಕೊಟ್ಟರು. 1867ರ ಆಗಸ್ಟ್ 25ರಂದು ಅಲ್ಲಿಯೇ, ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ಕೊನೆಯುಸಿರೆಳೆದರು. ದೊಡ್ಡವರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಲ್ಲ, ಹೈಗೇಟ್ ಸ್ಮಶಾನದಲ್ಲಿ ಸರಳವಾಗಿ ಅವರ ಅಂತ್ಯಸಂಸ್ಕಾರ ನಡೆಯಿತು. ಮನೆಯ ಫ್ಯಾನಿನಲ್ಲಿರುವ ಕೆಪಾಸಿಟರಿನ ಮೇಲೆ ಅದರ ಅಳತೆಯನ್ನು ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಆ ಮಾತಿನಲ್ಲಿ ಇರುವುದು ಇವರ ಹೆಸರೇ.

ನಮ್ಮ ಜಾಡಿಯಲ್ಲಿ ನೀರು ತಿಳಿಯಾಗಿರಬೇಕಾದರೆ

ಫ್ಯಾರಡೆಯ ಜೀವನ ಓದಿದ ಮೇಲೆ ವಿದ್ಯಾರ್ಥಿಗಳು ಪ್ರಯೋಗ ಮಾಡಲು ಬಯಸುವುದು ಸಹಜ. ಕೆಲವು ಮಾತುಗಳನ್ನು ಗಮನದಲ್ಲಿಡಿ.

ಒಂದು, ಆನೋಡಿಗೆ ಕಬ್ಬಿಣದ ಮೊಳೆ, ತಾಮ್ರದ ತಂತಿ ಬೇಡ. ಕಬ್ಬಿಣ ಕಂದು ಬಣ್ಣ ಕೊಡುತ್ತದೆ, ತಾಮ್ರ ನೀಲಿ ಹಸಿರು ಕೊಡುತ್ತದೆ. ಪ್ಲಾಟಿನಂ ನಮಗೆ ಎಟುಕದು. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲಿನ ಗ್ರ್ಯಾಫೈಟ್ ಕಡ್ಡಿ ಸಾಕು. ಬಹಳ ಹೊತ್ತು ಹೆಚ್ಚು ವಿದ್ಯುತ್ ಹರಿಸಿದರೆ ಅದೂ ಸವೆದು ಕಪ್ಪು ಪುಡಿ ಉದುರುತ್ತದೆ. ಆದ್ದರಿಂದ 9 ವೋಲ್ಟ್ ಬ್ಯಾಟರಿ ಸಾಕು, ಸ್ವಲ್ಪ ಹೊತ್ತು ಸಾಕು. ತಂತಿ ಮತ್ತು ಕ್ಲಿಪ್ಪು ನೀರಿಗೆ ತಾಗದಂತೆ ಮೇಲೆಯೇ ಇರಲಿ.

ಎರಡು, ಸ್ಟೀಲ್ ಚಮಚ, ಸ್ಟೀಲ್ ತಟ್ಟೆಯ ತುಂಡು ಬೇಡವೇ ಬೇಡ. ತುಕ್ಕು ಹಿಡಿಯದ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ. ಆನೋಡಿನಲ್ಲಿ ಅದು ಕರಗಿ ನೀರನ್ನು ಹಳದಿ ಮಾಡಬಹುದು. ಆ ರೂಪದ ಕ್ರೋಮಿಯಂ ವಿಷ, ಕ್ಯಾನ್ಸರಿಗೂ ಕಾರಣ.

ಮೂರು, ಅಡುಗೆ ಉಪ್ಪು ಹಾಕಬೇಡಿ. ಉಪ್ಪುನೀರನ್ನು ವಿಭಜಿಸಿದರೆ ಕ್ಲೋರಿನ್ ಎಂಬ ವಿಷಾನಿಲ ಬರುತ್ತದೆ. ಕಾರವಾರದ ಬಿಣಗಾದ ಕಾರ್ಖಾನೆಯಲ್ಲಿ ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ತಯಾರಿಸುವುದು ಇದೇ ವಿಧಾನದಿಂದ. ಕ್ಲೋರಿನ್ ಹೊರಬಾರದಂತೆ ಅಲ್ಲಿ ಮುಚ್ಚಿದ ಯಂತ್ರಗಳಿರುತ್ತವೆ, ನಮ್ಮ ಮನೆಯಲ್ಲಿ ಇರುವುದಿಲ್ಲ. ಉಪ್ಪಿನ ಬದಲು ಒಂದು ಲೋಟಕ್ಕೆ ಅರ್ಧ ಚಮಚ ಅಡುಗೆ ಸೋಡಾ ಅಥವಾ ವಾಷಿಂಗ್ ಸೋಡಾ ಹಾಕಿ.

ನಾಲ್ಕು, ಬೋರ್‌ವೆಲ್ ನೀರಿನ ಬದಲು ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಕ್ಯಾಥೋಡಿನ ಸುತ್ತ ಕ್ಷಾರ ಹೆಚ್ಚಾದಾಗ ಅವು ಬಿಳಿಯಾಗಿ ಕದಡುತ್ತವೆ. 1812ರಲ್ಲಿ ಫ್ಯಾರಡೆ ಕಂಡದ್ದು ಇಂಥ ಬಿಳಿಯನ್ನೇ.

ಐದು, ಮನೆಯ ಕರೆಂಟಿನ ಪ್ಲಗ್ಗಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. ಜಾಡಿಯನ್ನು ಬಿಗಿಯಾಗಿ ಮುಚ್ಚಬೇಡಿ, ಬೆಂಕಿ ಹತ್ತಿರ ತರಬೇಡಿ. ಜಲಜನಕ ಮತ್ತು ಆಮ್ಲಜನಕ ಕೂಡಿದರೆ ಸಿಡಿಯುತ್ತದೆ. ಪ್ರಯೋಗದ ನೀರನ್ನು ಯಾರೂ ಕುಡಿಯಬಾರದು. ಶಿಕ್ಷಕರ ಎದುರಿನಲ್ಲಿಯೇ ಮಾಡಿ.

ಕೊನೆಯ ಮಾತು

ಆ ಮೂವರು ಹುಡುಗರು ಶಾಲೆಯಲ್ಲಿ ನನ್ನ ಎದುರಿಗೆ ಕಿಟಕಿ ತೆರೆದಿಟ್ಟು ಮೂರು ಲೋಟಗಳನ್ನಿಟ್ಟರು. ಮೊದಲನೆಯದರಲ್ಲಿ ಅಂಗಡಿಯಿಂದ ತಂದ ಶುದ್ಧ ನೀರು ಮತ್ತು ಕಬ್ಬಿಣದ ಮೊಳೆ. ಬಣ್ಣ ಬದಲಾಗಲಿಲ್ಲ. ಲವಣ ತೀರಾ ಕಡಿಮೆಯಿರುವ ನೀರಿನಲ್ಲಿ ವಿದ್ಯುತ್ತು ಹರಿಯುವುದೇ ಅಪರೂಪ, ಹರಿಯದಿದ್ದರೆ ಮೊಳೆ ಕರಗುವುದೂ ಇಲ್ಲ. ಎರಡನೆಯದರಲ್ಲಿ ಅದೇ ಶುದ್ಧ ನೀರು, ಅದೇ ಮೊಳೆ, ಜೊತೆಗೆ ಪರೀಕ್ಷೆಗೆಂದು ಕೆಲವು ಹರಳು ಉಪ್ಪು. ಕೆಲವೇ ನಿಮಿಷಗಳಲ್ಲಿ ಕಂದಾಯಿತು. ಮೂರನೆಯದರಲ್ಲಿ ನಮ್ಮ ಬಡಾವಣೆಯ ನಲ್ಲಿ ನೀರು, ಮೊಳೆಯ ಬದಲು ಪೆನ್ಸಿಲ್ ಕಡ್ಡಿ. ಅದು ಕಂದಾಗಲಿಲ್ಲ. ಯಾರೂ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹುಡುಗ ಮನೆಗೆ ಹೋಗಿ ಅಮ್ಮಿಗೆ ತಾನೇ ಮಾಡಿ ತೋರಿಸಿದ. ಓದಿನ ಹಣ ಪೆಟ್ಟಿಗೆಯಲ್ಲೇ ಉಳಿಯಿತು. ಮಾರಾಟಕ್ಕೆ ಬಂದ ಯುವಕನನ್ನು ನಾವು ಬೈಯಬೇಕಾಗಿಲ್ಲ. ಅವನಿಗೆ ಕಲಿಸಿ ಕಳುಹಿಸಿದ್ದನ್ನು ಅವನು ಮಾಡಿದ, ಅವನಿಗೂ ಯಾರೂ ಈ ಪಾಠ ಹೇಳಿರಲಿಕ್ಕಿಲ್ಲ. ಆದರೆ ಒಂದು ಮಾತು ಮರೆಯಬಾರದು. ನಲ್ಲಿ ನೀರು ಕಂದಾಗದಿದ್ದರೆ ಅದು ಶುದ್ಧವೆಂದು ಅರ್ಥವಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಜಗಳೂರು ಕಡೆಯ ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಹೇಳಬೇಕಾದದ್ದು ಪ್ರಯೋಗಾಲಯದ ಪರೀಕ್ಷೆ. ಆ ಪರೀಕ್ಷೆಯಲ್ಲಿ ದೋಷ ಕಂಡರೆ ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು. ಹೆದರಿಕೆಯಿಂದ ಕೊಳ್ಳಬಾರದು.

ಪ್ರಿಯ ವಿದ್ಯಾರ್ಥಿಗಳೇ, ಮೈಕೇಲ್ ಫ್ಯಾರಡೆಯವರ ಬಳಿ ಹಣವಿರಲಿಲ್ಲ, ಪದವಿಯಿರಲಿಲ್ಲ, ಹೇಳಿಕೊಳ್ಳುವ ಮನೆತನವೂ ಇರಲಿಲ್ಲ. ಕದಡಿದ ನೀರನ್ನು ಕಂಡಾಗ ಅದನ್ನು ಚೆಲ್ಲದೆ, ಇದು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸವೊಂದಿತ್ತು. ಆ ಪ್ರಶ್ನೆ ಕೇಳಲು ಯಾವ ಶುಲ್ಕವೂ ಬೇಕಿಲ್ಲ. ನಿಮ್ಮ ಜಾಡಿಯ ನೀರು ಮುಂದಿನ ಸಲ ಬಣ್ಣ ಬದಲಿಸಿದರೆ ಅದನ್ನು ಚೆಲ್ಲುವ ಮೊದಲು ಐದು ನಿಮಿಷ ಅದರ ಮುಂದೆ ಕುಳಿತುಕೊಳ್ಳಿ.